ನನ್ನ ಹಿಂದೆಯೇ ಬರುವ ಕಾರು

ಅಕ್ಟೋಬರ್ 4, ಶನಿವಾರ

ಡೈರಿ ಬರೆಯಬೇಕೆಂಬುದು ಹೆಂಡತಿಯ ಸಲಹೆ. ಸಲಹೆ ಎನ್ನುವುದಕ್ಕಿಂತ ಮಂಗಳಾರತಿ ಎನ್ನಬೇಕು. "ರೀ, ನನ್ನ ತಂಗಿ ಗಂಡನ ಬಗ್ಗೆ ದಿನಾ ನನ್ನ ತಲೆ ತಿನ್ನಬೇಡಿ. ಒಂದು ಪುಸ್ತಕದಲ್ಲಿ ಬರ್ಕೊಳ್ಳಿ. ಪುಸ್ತಕಕ್ಕೆ ತಲೆನೋವು ಬರಲ್ಲ" ಎಂದಳು. ಕಂಪನಿಯವರು ವರ್ಷದ ಮೊದಲಲ್ಲಿ ಕೊಟ್ಟ ಡೈರಿ ಕಾರಿನಲ್ಲೇ ಬಿದ್ದಿತ್ತು. ಹಡಗು ಬರುವ ತನಕ ಹೇಗೂ ಕಾಯಬೇಕು. ಸ್ಟಿಯರಿಂಗ್ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಬರೆಯುವುದಾದರೆ ಮೊದಲಿನಿಂದ ಬರೆಯಬೇಕು. ಈ ಬಂದರಿಗೆ ಪ್ರವಾಸಿ ಹಡಗುಗಳು ಬರುತ್ತವೆ. ಮೊದಲೇ ಕಾರು ಗೊತ್ತು ಮಾಡಿಕೊಂಡವರ ಹೆಸರು ಬರೆದ ಬೋರ್ಡು ಹಿಡಿದು ನಾವು ಚಾಲಕರು ಗೇಟಿನ ಹೊರಗೆ ಸಾಲಾಗಿ ನಿಲ್ಲುತ್ತೇವೆ. ಅವರನ್ನೂ ಅವರ ಪೆಟ್ಟಿಗೆಗಳನ್ನೂ ಸುರಂಗ ದಾಟಿಸಿ, ಸೇತುವೆ ದಾಟಿಸಿ, ಊರೊಳಗಿನ ಹೋಟೆಲಿಗೆ ಮುಟ್ಟಿಸುತ್ತೇವೆ. ಹನ್ನೆರಡು ವರ್ಷದಿಂದ ನನ್ನದು ಇದೇ ಕೆಲಸ. ಒಂದು ಗೀರೂ ಇಲ್ಲ, ಒಂದು ದಂಡವೂ ಇಲ್ಲ.

ಹೋದ ವರ್ಷದ ಕೊನೆಗೆ ಗಾಜಿನ ಕಾರ್ಖಾನೆ ಮುಚ್ಚಿತು. ಷಡ್ಡಕ ಅಲ್ಲಿ ಕುಲುಮೆಯ ಮುಂದೆ ಕೆಲಸಕ್ಕಿದ್ದ. ಹೆಂಡತಿ, ನಾದಿನಿ, ಅತ್ತೆ ಮೂವರೂ ಸೇರಿ ನನ್ನ ತಲೆಯ ಮೇಲೆ ಕೂತರು. ನಾನೇ ಕಂಪನಿಯ ಯಜಮಾನರ ಹತ್ತಿರ ಹೋಗಿ, ಹಲ್ಲು ಗಿಂಜಿ, ಅವನಿಗೆ ಇಲ್ಲಿ ಓಡಿಸಲು ಕಾರು ಕೊಡಿಸಿದೆ. ಇರಲಾರದೆ ಇರುವೆ ಬಿಟ್ಟುಕೊಂಡೆ.

ಈಗ ನೋಡಿದರೆ, ಬಂದ ಗೆಸ್ಟುಗಳೆಲ್ಲ ಅವನನ್ನೇ ಹೊಗಳಿ ಆಫೀಸಿಗೆ ಬರೆಯುತ್ತಾರೆ. ಆಫೀಸಿನ ಮೇಡಂ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತಾಳೆ. "ಇಂಥ ಚಾಲಕ ಸಿಕ್ಕಿದ್ದು ನಮ್ಮ ಪುಣ್ಯ" ಅಂತೆ. ಹನ್ನೆರಡು ವರ್ಷದಲ್ಲಿ ನನ್ನ ಬಗ್ಗೆ ಬರೆದದ್ದು ಒಬ್ಬರೇ: "ಚಾಲಕ ಒಂದು ಮಾತೂ ಆಡಲಿಲ್ಲ, ಭಯವಾಯಿತು."

ಇದನ್ನೂ ಬರೆದಿಡುತ್ತೇನೆ. ಚೌಕದ ದೊಡ್ಡ ಹೋಟೆಲಿನ ಸ್ವಂತ ಕಾರಿನ ಚಾಲಕ ಜನವರಿಗೆ ನಿವೃತ್ತಿಯಾಗುತ್ತಾನೆ. ಆ ಜಾಗಕ್ಕೆ ನಮ್ಮ ಕಂಪನಿಯಿಂದಲೇ ಒಬ್ಬನನ್ನು ತೆಗೆದುಕೊಳ್ಳುತ್ತಾರಂತೆ. ತಿಂಗಳ ಸಂಬಳ, ಸಮವಸ್ತ್ರ, ಕೂರಲು ಒಳಗೊಂದು ಕೋಣೆ. ಗಾಳಿಯಲ್ಲಿ ಬೋರ್ಡು ಹಿಡಿದು ಒಣಗುವುದು ತಪ್ಪುತ್ತದೆ. ಆ ಕಾರು ನನ್ನದು ಎಂದು ನಾನು ಎಂದೋ ಮನಸ್ಸಿನಲ್ಲಿ ಓಡಿಸಿ ಆಗಿದೆ.

ಅಕ್ಟೋಬರ್ 11, ಶನಿವಾರ

ಇವತ್ತು ನಡೆದದ್ದನ್ನು ಬರೆಯದಿದ್ದರೆ ಹೊಟ್ಟೆ ಒಡೆದು ಸಾಯುತ್ತೇನೆ.

ಬೆಳಿಗ್ಗೆ ಬಂದರಿನಲ್ಲಿ ಎರಡು ಹಡಗು ನಿಂತಿದ್ದವು. ಒಂದು ಬಿಳಿ, ಒಂದು ಕಡುನೀಲಿ. ಷಡ್ಡಕ ನನ್ನ ಪಕ್ಕ ಬಂದು ನಿಂತು, "ಅಣ್ಣ, ನಮ್ಮ ಗೆಸ್ಟುಗಳ ಹಡಗು ಯಾವುದು?" ಎಂದ. ಹಡಗಿನ ಪಕ್ಕೆಯ ಮೇಲೆ ಮನೆಯೆತ್ತರದ ಅಕ್ಷರದಲ್ಲಿ ಹೆಸರು ಬರೆದಿದೆ! ಹಿರಿಯ ಎಂದು ನನ್ನನ್ನು ಕಿಚಾಯಿಸುವ ಬಗೆ ಇದು. "ಆ ತೇಲೋದು" ಎಂದೆ. ಅವನು ಹೊಟ್ಟೆ ತುಂಬ ನಕ್ಕ. ಏನು ಹೇಳಿದರೂ ನಗುವವರ ಜೊತೆ ಜಗಳ ಆಡುವುದಾದರೂ ಹೇಗೆ?

ಅವನ ಬೋರ್ಡು ನೋಡಬೇಕು. ದಪ್ಪ ಕರಿ ಮಾರ್ಕರಿನಲ್ಲಿ ಅಂಗೈಯಗಲದ ಅಕ್ಷರ. ಯಜಮಾನರು ಅದನ್ನು ನೋಡಿ, "ಇನ್ಮೇಲೆ ಎಲ್ಲರೂ ಹೀಗೇ ಬರೀರಿ" ಎಂದರು. ಗೇಟಿನಿಂದ ಜನ ಹೊರಬಂದರೆ ನಾವು ನಿಂತಲ್ಲೇ ನಿಲ್ಲುತ್ತೇವೆ. ಇವನು ಒಬ್ಬೊಬ್ಬರ ಮುಖದ ಹತ್ತಿರಕ್ಕೇ ಹೋಗಿ, "ಸುಸ್ವಾಗತ, ಪ್ರಯಾಣ ಸುಖವಾಗಿತ್ತಾ?" ಎನ್ನುತ್ತಾನೆ. ತನ್ನ ಗೆಸ್ಟು ಅಲ್ಲದವರಿಗೂ! ಅವರು ಕರಗಿ ನೀರಾಗುತ್ತಾರೆ.

ಇಷ್ಟಾದರೂ ಸಹಿಸಿಕೊಂಡೆ. ಇವತ್ತು ಒಂದು ದೊಡ್ಡ ಕುಟುಂಬ ಬಂತು. ಜನ ಒಂದು ಕಾರಿಗಾಗುವಷ್ಟು, ಪೆಟ್ಟಿಗೆ ಇನ್ನೊಂದು ಕಾರಿಗಾಗುವಷ್ಟು. ಮೇಡಂ ಫೋನಿನಲ್ಲಿ ಹೇಳಿದಳು: "ಜನ ಅವರ ಕಾರಲ್ಲಿ ಬರಲಿ, ಅವರಿಗೆ ಮಾತು ಚೆನ್ನಾಗಿ ಬರುತ್ತೆ. ನೀವು ಲಗೇಜ್ ತಗೊಂಡ್ಬಿಡಿ." ಹನ್ನೆರಡು ವರ್ಷದ ಅನುಭವ ಸೂಟ್‌ಕೇಸುಗಳ ಸಾರಥ್ಯ ವಹಿಸಿತು. ಹಿಂದಿನ ಸೀಟಿನಲ್ಲಿ ಒಂದು ಕೆಂಪು ಪೆಟ್ಟಿಗೆಗೆ ಬೆಲ್ಟು ಬೇರೆ ಹಾಕಿದೆ. ಅದೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ಅಕ್ಟೋಬರ್ 12, ಭಾನುವಾರ

ಅತ್ತೆಯ ಮನೆಯಲ್ಲಿ ಊಟ. ಷಡ್ಡಕ ನಿನ್ನೆಯ ಕುಟುಂಬದ ಕಥೆ ಹೇಳಿದ. ಆ ಮನೆಯ ಯಜಮಾನ ರಾತ್ರಿಯೇ ಎಲ್ಲ ಪ್ಯಾಕ್ ಮಾಡಿ ಪೆಟ್ಟಿಗೆಗಳನ್ನು ಕ್ಯಾಬಿನ್ನಿನ ಬಾಗಿಲ ಹೊರಗಿಟ್ಟುಬಿಟ್ಟಿದ್ದನಂತೆ, ಹಡಗಿನವರು ಎತ್ತಿಕೊಂಡು ಹೋದರಂತೆ. ಬೆಳಿಗ್ಗೆ ಎದ್ದು ನೋಡಿದರೆ ಹಾಕಿಕೊಳ್ಳಲು ಪ್ಯಾಂಟಿಲ್ಲ! ಟವೆಲಿನ ಮೇಲೆ ಉದ್ದ ಕೋಟು ತೊಟ್ಟು ಇಳಿದನಂತೆ. ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು.

ಆ ಪ್ಯಾಂಟು ಇದ್ದದ್ದು ನನ್ನ ಕಾರಿನಲ್ಲಿ. ಅಂದರೆ ಆ ಕಥೆಯ ಅರ್ಧ ನನ್ನದು. ಆದರೆ ನನ್ನ ಹೆಂಡತಿ ನನ್ನ ಮಾತಿಗೆ ಹಾಗೆ ನಕ್ಕು ಎಷ್ಟು ಕಾಲವಾಯಿತು ಎಂದು ಯೋಚಿಸಿದೆ. ನೆನಪಾಗಲಿಲ್ಲ. ಅದು ಹೋಟೆಲಿನ ಕಾರಿಗಿಂತ ಹೆಚ್ಚು ಉರಿಯಿತು, ಸುಳ್ಳೇಕೆ ಹೇಳಲಿ.

ಮನೆಗೆ ಬರುವಾಗ, "ಅವನು ನಮ್ಮ ತಟ್ಟೆಗೆಲ್ಲ ನೀರು ಬಡಿಸಿದ ನೋಡಿದ್ಯಾ? ಲೋಟ ಯಾವುದು ತಟ್ಟೆ ಯಾವುದು ತಿಳಿಯದಷ್ಟು ಗರ್ವ" ಎಂದೆ.

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಎಂದಳು.

ಅಕ್ಟೋಬರ್ 18, ಶನಿವಾರ

ಒಂದು ಹೊಸ ವಿಷಯ ಪತ್ತೆ ಮಾಡಿದ್ದೇನೆ. ಗೆಸ್ಟನ್ನು ಬಿಟ್ಟು ಖಾಲಿ ಕಾರಿನಲ್ಲಿ ಬಂದರಿಗೆ ಮರಳುವಾಗ ಷಡ್ಡಕ ಯಾವಾಗಲೂ ನನ್ನ ಹಿಂದೆಯೇ ಬರುತ್ತಾನೆ. ನಾನು ಹೊರಡುವವರೆಗೆ ಏನಾದರೂ ನೆಪ ಹೇಳಿಕೊಂಡು ಹೋಟೆಲಿನ ಮುಂದೆ ಕಾಯುತ್ತಾನೆ. ನಾನು ತಿರುಗಿದಲ್ಲಿ ತಿರುಗುತ್ತಾನೆ, ನಿಂತಲ್ಲಿ ನಿಲ್ಲುತ್ತಾನೆ. ನನ್ನ ಅಡ್ಡದಾರಿಗಳನ್ನೆಲ್ಲ ಕದಿಯುತ್ತಿದ್ದಾನೆ! ಇವತ್ತು ಬೇಕೆಂದೇ ಗೋದಾಮುಗಳ ಸುತ್ತ ಎರಡು ಪ್ರದಕ್ಷಿಣೆ ಹಾಕಿದೆ. ಅವನೂ ಎರಡು ಹಾಕಿದ. ಬಂದರಿನಲ್ಲಿ ಇಳಿದು, "ಅಣ್ಣ, ಇವತ್ತು ಯಾಕೋ ದಾರಿ ಉದ್ದ ಅನ್ನಿಸ್ತು" ಎಂದ.

ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿದಿಲ್ಲ.

ಅಕ್ಟೋಬರ್ 25, ಶನಿವಾರ

ಅವನ ಮಾಯಾಮಂತ್ರ ಏನೆಂದು ಇವತ್ತು ತಿಳಿಯಿತು. ಹೋದ ವಾರ ಅವನ ಕಾರಿನಲ್ಲಿ ಬಂದಿದ್ದ ದಂಪತಿಯನ್ನು ಹೋಟೆಲಿನಿಂದ ಬಂದರಿಗೆ ವಾಪಸು ಕರೆದೊಯ್ಯುವ ಸರದಿ ನನಗೆ ಬಂತು. ಕೂತ ಕೂಡಲೇ ಆಕೆ, "ನೀವು ಆಟ ಆಡಿಸಲ್ವಾ?" ಎಂದಳು. ಕೇಳಿದರೆ, ಷಡ್ಡಕ ದಾರಿಯುದ್ದಕ್ಕೂ ಆಟ ಆಡಿಸುತ್ತಾನಂತೆ. ಮುಂದಿನ ಬೋರ್ಡು ಯಾರು ಮೊದಲು ಓದುತ್ತಾರೆ, ಸಿಗ್ನಲಿನ ಬಣ್ಣ ಯಾರು ಮೊದಲು ಕೂಗುತ್ತಾರೆ, ಅಡ್ಡ ಬರುವವರನ್ನು ಯಾರು ಮೊದಲು ನೋಡುತ್ತಾರೆ. ಗೆದ್ದವರಿಗೆ ಗಾಜಿನ ಕಾರ್ಖಾನೆಯ ಒಂದು ಕಥೆ. ಊರಿಗೆ ಬರುವಷ್ಟರಲ್ಲಿ ಆ ದಂಪತಿಗೆ ದಾರಿಯೆಲ್ಲ ಬಾಯಿಪಾಠ.

ಇಷ್ಟೇನಾ! ಎಂದುಕೊಂಡು ನಾನೂ ಆಡಿಸಿದೆ. "ಆ ಬೋರ್ಡು ಓದಿ" ಎಂದೆ. ನನ್ನ ದನಿಗೆ ಇಬ್ಬರೂ ಬೆಚ್ಚಿದರು. ಗಂಡ ಶಾಲೆಯಲ್ಲಿ ಎದ್ದು ನಿಂತ ಹುಡುಗನಂತೆ ಓದಿದ. ಆಮೇಲೆ ಬಂದರಿನ ತನಕ ಮೂವರೂ ಸುಮ್ಮನಿದ್ದೆವು.

ನವೆಂಬರ್ 1, ಶನಿವಾರ

ಅವನಿಗೆ ಮತ್ತೊಂದು ಹೊಗಳಿಕೆ. ನನಗೆ ನೆಗಡಿ. ಇದಕ್ಕಿಂತ ಹೆಚ್ಚು ಬರೆಯಲು ಮನಸ್ಸಿಲ್ಲ.

ನವೆಂಬರ್ 8, ಶನಿವಾರ

ಬೆಳಿಗ್ಗೆ ಯಜಮಾನರು ಕರೆದು ಹೇಳಿದರು: ಹೋಟೆಲಿನವರು ಇಬ್ಬರ ಹೆಸರು ಇಟ್ಟುಕೊಂಡಿದ್ದಾರೆ, ನನ್ನದು ಮತ್ತು ಷಡ್ಡಕನದು. ಈ ತಿಂಗಳೊಳಗೆ ತೀರ್ಮಾನ. ಷಡ್ಡಕ ನನ್ನ ಕೈ ಹಿಡಿದು, "ನೀವಿರೋವಾಗ ನಾನ್ಯಾವ ಲೆಕ್ಕ ಅಣ್ಣ" ಎಂದ. ಈ ವಿನಯಕ್ಕೆ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಸುಮ್ಮನೆ ಕೈ ಬಿಡಿಸಿಕೊಂಡೆ.

ಇವತ್ತಿನ ಗೆಸ್ಟು ಒಬ್ಬಂಟಿ ಮುದುಕಿ. ತೆಳ್ಳಗೆ, ನೆಟ್ಟಗೆ ಕೂತಿದ್ದರು. ಆಗಿದ್ದಾಗಲಿ ಎಂದು ಈ ಸಲ ದನಿ ಮೆತ್ತಗೆ ಮಾಡಿಕೊಂಡು ಆಟ ಶುರು ಮಾಡಿದೆ. "ಅಮ್ಮ, ಆ ಮುಂದಿನ ಬೋರ್ಡಲ್ಲಿ ಏನಿದೆ ಓದಿ ನೋಡೋಣ." ಓದಿದರು. "ಸಿಗ್ನಲ್ ಯಾವ ಬಣ್ಣ, ಅಮ್ಮ?" ಹೇಳಿದರು. ಮೂರನೆಯ ಬೋರ್ಡಿಗೆ ಅವರು ಓದಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು:

"ಕಣ್ಣು ಯಾರಿಗಾದ್ರೂ ತೋರಿಸಿದ್ರಾ?"

"ನನ್ನ ಕಣ್ಣಿಗೇನಾಗಿದೆ ಅಮ್ಮ? ಇದು ಆಟ."

"ನಮ್ಮ ಯಜಮಾನ್ರೂ ಆಟ ಅಂತಾನೇ ಹೇಳ್ತಿದ್ರು. ದಾರಿಯುದ್ದಕ್ಕೂ ನನ್ನ ಹತ್ರ ಓದಿಸೋರು. ಎಷ್ಟು ಚೆನ್ನಾಗಿತ್ತು ಗೊತ್ತಾ? ಅವರಿಗೆ ಕಾಣ್ತಿಲ್ಲ ಅಂತ ನನಗೆ ತಿಳಿದಿದ್ದು ಕಾರು ಹೋಗಿ ಗೋಡೆಗೆ ಗುದ್ದಿದ ಮೇಲೆ."

ನಾನು ನಕ್ಕೆ. ನನ್ನ ಕಣ್ಣು ಹದ್ದಿನ ಕಣ್ಣು, ಸುರಂಗದಾಚೆಯ ಬೋರ್ಡು ಈಚೆಯಿಂದಲೇ ಓದುತ್ತೇನೆ ಎಂದು ಅವರಿಗೆ ಹೇಳುವವನಿದ್ದೆ. ಅಷ್ಟರಲ್ಲಿ ಸುರಂಗ ಬಂತು. ಸುರಂಗದೊಳಗೆ ನನ್ನ ನಗು ನಿಂತುಹೋಯಿತು.

ಅಂಗೈಯಗಲದ ಅಕ್ಷರ. ಮುಖದ ಹತ್ತಿರಕ್ಕೇ ಹೋಗಿ ಸ್ವಾಗತ. ನಮ್ಮ ಹಡಗು ಯಾವುದು ಅಣ್ಣ. ತಟ್ಟೆಗೆ ಬಿದ್ದ ನೀರು. ಗೆಸ್ಟು ಇದ್ದರೆ ಆಟ, ಗೆಸ್ಟು ಇಲ್ಲದಿದ್ದರೆ ನನ್ನ ಕಾರಿನ ಹಿಂದಿನ ಕೆಂಪು ದೀಪ.

ಅವನಿಗೆ ಕಣ್ಣು ಕಾಣುತ್ತಿಲ್ಲ.

ನಿಜ ಬರೆಯುತ್ತೇನೆ. ಮೊದಲು ಖುಷಿಯಾಯಿತು. ಎಷ್ಟು ಖುಷಿಯೆಂದರೆ ಸ್ಟಿಯರಿಂಗ್ ಮೇಲೆ ಬೆರಳಲ್ಲಿ ತಾಳ ಹಾಕಿದೆ. ಒಂದು ಮಾತು ಸಾಕು, ಹೋಟೆಲಿನ ಕಾರು ನನ್ನದು. ಆಮೇಲೆ ಗೋದಾಮಿನ ಸುತ್ತ ನಾನು ಅವನನ್ನು ಎರಡು ಸುತ್ತು ಸುತ್ತಿಸಿದ್ದು ನೆನಪಾಯಿತು. ಅಲ್ಲಿ ಒಂದು ಕಡೆ ಕಟ್ಟೆಯಿಲ್ಲ, ನೇರ ನೀರು.

ನವೆಂಬರ್ 9, ಭಾನುವಾರ

ಊಹೆಯ ಮೇಲೆ ಯಾರನ್ನೂ ದೂರಬಾರದು. ಪರೀಕ್ಷೆ ಮಾಡಿಯೇ ಬಿಡೋಣ ಎಂದು ಅವನ ಮನೆಗೆ ಹೋದೆ. ಅವರದು ಮೂರನೇ ಮಹಡಿ. ಬೀದಿಯಾಚೆ ನನ್ನ ಕಾರಿನಲ್ಲಿ ಕೂರಿಸಿಕೊಂಡು ಅದೂ ಇದೂ ಮಾತಾಡಿದೆ. ಅಷ್ಟರಲ್ಲಿ ಎದುರಿನ ಸಾಲು ಬಾಲ್ಕನಿಗಳೊಂದರಲ್ಲಿ ಒಬ್ಬರು ಬಟ್ಟೆ ಒಣಹಾಕಲು ಬಂದರು. ನಮ್ಮನ್ನು ನೋಡಿ ಕೈ ಬೀಸಿದರು.

"ಅಲ್ಲಿ ಯಾರು ಕೈ ಬೀಸ್ತಿರೋದು, ಹೇಳು ನೋಡೋಣ" ಎಂದೆ.

ಅವನು ಕಣ್ಣು ಕಿರಿದು ಮಾಡಿ ನೋಡಿದ. "ಯಾರೋ ವಯಸ್ಸಾದೋರು ಇರ್ಬೇಕು ಅಣ್ಣ. ಪಾಪ, ಒಳ್ಳೆಯೋರು" ಎಂದು ತಾನೂ ಕೈ ಬೀಸಿದ.

ಅದು ನನ್ನ ನಾದಿನಿ. ಅವನ ಹೆಂಡತಿ.

ನಾನು ಹೇಳಿದೆ. ಅವನು ಬೀಸುತ್ತಿದ್ದ ಕೈ ಕೆಳಗಿಳಿಸಿದ. ಆಮೇಲೆ ಎಲ್ಲ ಬಂತು. ಕಾರ್ಖಾನೆಯಲ್ಲಿರುವಾಗಲೇ ಮಂಜು ಕವಿದಂತೆ ಶುರುವಾಗಿತ್ತಂತೆ. ಜೊತೆಗಿದ್ದ ಹಳೇ ಕೆಲಸಗಾರನೊಬ್ಬ ಕುಲುಮೆಯ ಉರಿ ನೋಡಿ ನೋಡಿ ಕುರುಡಾಗಿಹೋಗಿದ್ದನಂತೆ. ತನ್ನದೂ ಅದೇ ಹಣೆಬರಹ, ಇದಕ್ಕೆ ಮದ್ದಿಲ್ಲ ಎಂದು ಯಾರಿಗೂ ತೋರಿಸಿಲ್ಲ.

"ಆಫೀಸಿಗೆ ಗೊತ್ತಾದ್ರೆ ಇನ್ನೆಲ್ಲೂ ಸ್ಟಿಯರಿಂಗ್ ಮುಟ್ಟಕ್ಕೆ ಬಿಡಲ್ಲ ಅಣ್ಣ. ಅವಳು ಹೊಲಿಗೆ ಹಾಕಿ ನನ್ನನ್ನ ಸಾಕಿದ್ದು ಸಾಕು. ಕಾಣೋಷ್ಟು ದಿನ ದುಡೀತೀನಿ ಅಂದ್ಕೊಂಡಿದ್ದೆ."

"ಕಾರಲ್ಲಿ ಜನ ಇರ್ತಾರಲ್ಲೋ! ಅವರೇನು ನಿನ್ನ ಸೂಟ್‌ಕೇಸಾ?"

"ಅದಕ್ಕೇ ಅವರನ್ನ ನಿದ್ದೆ ಮಾಡೋಕೆ ಬಿಡಲ್ಲ" ಎಂದು ಅತ್ತ. ಅಳುತ್ತಲೇ ಸ್ವಲ್ಪ ನಕ್ಕ.

ಕೈ ಚಾಚಿದೆ. ಅವನು ಕಾರಿನ ಕೀ ಕೊಟ್ಟ. ಯಾರಿಗೂ ಹೇಳಬಾರದೆಂದು ಭಾಷೆ ತೆಗೆದುಕೊಂಡ. ಅಕ್ಕನ ಕಿವಿಗೂ ಬೀಳಬಾರದಂತೆ. ಸರಿಯೇ, ನನ್ನ ಹೆಂಡತಿಯೂ ಆಫೀಸಿನ ಮೇಡಮ್ಮೂ ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಹರಟುವವರು. ನಾನು ಯಾಕೆ ಒಪ್ಪಿದೆನೋ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ನವೆಂಬರ್ 13, ಗುರುವಾರ

ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪ್ರೀತಿಯಿಂದಲ್ಲ. ನಾಳೆ ಏನಾದರೂ ಆದರೆ, ಗೊತ್ತಿದ್ದೂ ಸುಮ್ಮನಿದ್ದ ಎಂದು ಜನ ನನ್ನ ಮೇಲೇ ಗೂಬೆ ಕೂರಿಸುತ್ತಾರೆ. ಆಫೀಸಿನಲ್ಲಿ ಅವನಿಗೆ ಬೆನ್ನುನೋವು ಎಂದು ಹೇಳಿದ್ದೇನೆ.

ಡಾಕ್ಟರಮ್ಮ ದೀಪ ಬಿಟ್ಟು ಎರಡು ಕಣ್ಣನ್ನೂ ನೋಡಿದರು. ಕುರುಡಲ್ಲವಂತೆ, ಪೊರೆಯಂತೆ. ಕುಲುಮೆಯ ಮುಂದೆ ವರ್ಷಗಟ್ಟಲೆ ನಿಂತವರಿಗೆ ಬೇಗ ಬರುತ್ತದಂತೆ. ಒಂದಾದ ಮೇಲೊಂದು ಕಣ್ಣಿಗೆ ಆಪರೇಷನ್ ಮಾಡಿ ತೆಗೆಯಬಹುದು. "ಆಮೇಲೆ ಧಾರಾಳವಾಗಿ ಕಾರು ಓಡಿಸಿ. ಈಗ ಓಡಿಸಿದ್ರೆ ನಾನೇ ಪೊಲೀಸಿಗೆ ಹೇಳ್ತೀನಿ" ಎಂದರು.

ಷಡ್ಡಕ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡ. ನಾನು ಅವನ ಬೆನ್ನು ತಟ್ಟಿದೆ. ತಟ್ಟುತ್ತಿರುವಾಗ ನನ್ನೊಳಗೆ ಯಾವುದೋ ಒಂದು "ಅಯ್ಯೋ" ಎಂದಿತು. ಕಣ್ಣು ಸರಿಹೋದರೆ ಹೋಟೆಲಿನ ಕಾರು ಅವನದೇ. ಬರೆಯಲು ನಾಚಿಕೆಯಾಗುತ್ತದೆ. ಆದರೂ "ಅಯ್ಯೋ" ಎಂದದ್ದು ನಾನೇ.

ನವೆಂಬರ್ 15, ಶನಿವಾರ

ನನ್ನ ಟ್ರಿಪ್ಪೂ ನನ್ನದೇ, ಅವನ ಟ್ರಿಪ್ಪೂ ನನ್ನದೇ. ಅವನ ಗೆಸ್ಟುಗಳು ಕಾರು ಹತ್ತಿದ ಕೂಡಲೇ, "ಆ ತಮಾಷೆ ಡ್ರೈವರ್ ಎಲ್ಲಿ?" ಎನ್ನುತ್ತಾರೆ. ಬೆನ್ನುನೋವು ಎಂದರೆ ನನ್ನದೇ ತಪ್ಪು ಎಂಬಂತೆ ನೋಡುತ್ತಾರೆ. ಅವರ ಮುಖ ನೋಡಲಾರದೆ ಹಡಗಿನ ಪ್ಯಾಂಟಿನ ಕಥೆ ಹೇಳಿದೆ. ನಕ್ಕರು. ಕಥೆಯ ಅರ್ಧ ಹೇಗೂ ನನ್ನದು.

ಖಾಲಿ ಕಾರಿನಲ್ಲಿ ವಾಪಸು ಬರುವಾಗ ಸುಮ್ಮನೆ ಕನ್ನಡಿ ನೋಡುತ್ತಿದ್ದೆ. ಹಿಂದೆ ಯಾರೂ ಇರಲಿಲ್ಲ.

ನವೆಂಬರ್ 20, ಗುರುವಾರ

ಹೋಟೆಲಿನ ಮ್ಯಾನೇಜರ್ ಕರೆಸಿದರು. ಹಿತ್ತಲ ಕೋಣೆ, ಗೋಡೆಯ ಮೇಲೆ ಕೀಗಳ ಸಾಲು. ಕೂರಿಸಿ, ಕಾಫಿ ಕೊಟ್ಟು, ನೇರ ವಿಷಯಕ್ಕೆ ಬಂದರು.

"ನಾವು ನಿಮ್ಮ ಷಡ್ಡಕರನ್ನೇ ತಗೊಳ್ಳೋಣ ಅಂತಿದ್ದೀವಿ. ನೀವು ಹಿರಿಯರು, ಅವರನ್ನ ತಂದವರೂ ನೀವೇ. ಒಂದು ಮಾತು ಹೇಳಿ. ಡಿಸೆಂಬರ್ ಒಂದಕ್ಕೇ ಬರಲಿ, ಹಳಬರ ಜೊತೆ ಒಂದು ತಿಂಗಳು ಓಡಿಸಿ ಕಲೀಲಿ."

"ಡಿಸೆಂಬರ್ ಬೇಡ ಸಾರ್. ಜನವರಿ ತನಕ ತಡೀರಿ."

"ಯಾಕೆ?"

"ಹೇಳಕ್ಕಾಗಲ್ಲ."

"ಅವರ ಮೇಲೆ ದೂರು ಏನಾದ್ರೂ ಇದೆಯಾ?"

"ಇಲ್ಲ. ಒಳ್ಳೆ ಮನುಷ್ಯ."

ಮ್ಯಾನೇಜರ್ ನನ್ನ ಮುಖ ನೋಡಿ ಒಂದು ತೆಳು ನಗೆ ನಕ್ಕರು. ಆ ನಗೆಯ ಅರ್ಥ ನನಗೆ ಚೆನ್ನಾಗಿ ಗೊತ್ತು. ಅದನ್ನು ನಾನೇ ಎಷ್ಟೋ ಜನರಿಗೆ ನಕ್ಕಿದ್ದೇನೆ. "ಸರಿ, ಇನ್ನೊಂದಷ್ಟು ದಿನ ಇರೋಕೆ ಹಳಬರನ್ನ ಹೇಗಾದ್ರೂ ಒಪ್ಪಿಸ್ತೀವಿ. ಜನವರಿ ತನಕ ಕಾಯ್ತೀವಿ. ಅಷ್ಟರಲ್ಲಿ ನಿಮ್ಮ ಮನಸ್ಸೂ ತಣ್ಣಗಾಗ್ಲಿ" ಎಂದರು.

ಸೇತುವೆ ದಾಟಿದ ಮೇಲೆ ಹೊಳೆಯಿತು, "ಅವನಿಗೆ ಆಗಲ್ಲ ಸಾರ್, ನನ್ನನ್ನೇ ತಗೊಳ್ಳಿ" ಎನ್ನಬಹುದಿತ್ತಲ್ಲ! ಭಾಷೆಯೂ ಮುರಿಯುತ್ತಿರಲಿಲ್ಲ. ಬೆನ್ನುನೋವು ಎಂದಾದರೂ ಹೇಳಬಹುದಿತ್ತು. ಆ ಹೊತ್ತಿಗೆ ಯಾವುದೂ ತಲೆಗೆ ಬರಲಿಲ್ಲ. ದಡ್ಡತನಕ್ಕೆ ಮದ್ದಿಲ್ಲ.

ನವೆಂಬರ್ 21, ಶುಕ್ರವಾರ

ನಿರೀಕ್ಷಿಸಿದ್ದೇ. ಮ್ಯಾನೇಜರಿಂದ ಯಜಮಾನರಿಗೆ, ಯಜಮಾನರಿಂದ ಮೇಡಮ್ಮಿಗೆ, ಮೇಡಮ್ಮಿಂದ ನನ್ನ ಅಡುಗೆಮನೆಗೆ.

"ಬೆನ್ನುನೋವಲ್ಲಿ ಮಲಗಿರೋ ಮನುಷ್ಯನ ಕೆಲಸಕ್ಕೆ ಕಲ್ಲು ಹಾಕಿ ಬಂದ್ರಾ?" ಎಂದಳು. "ನೀವು ಗೊಣಗ್ತೀರಿ, ಮೂಗು ಮುರೀತೀರಿ, ನನಗೆ ಗೊತ್ತು. ಅದು ನಿಮ್ಮ ಬಾಯಿಚಪಲ ಅಂದ್ಕೊಂಡಿದ್ದೆ. ನಿಜವಾಗ್ಲೂ ಮಾಡ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಇಷ್ಟು ಹೊಟ್ಟೆಕಿಚ್ಚಾ?"

ಹೌದು, ಹೊಟ್ಟೆಕಿಚ್ಚೇ. ಆರು ತಿಂಗಳು ಹೊಟ್ಟೆಕಿಚ್ಚಿನಲ್ಲಿ ಬೆಂದಾಗ ಯಾರೂ ಏನೂ ಮಾಡಲಿಲ್ಲ. ಅದಿಲ್ಲದೆ ಆಡಿದ ಒಂದೇ ಒಂದು ಮಾತಿಗೆ ಶಿಕ್ಷೆ. ಭಾಷೆ ಕೊಟ್ಟಿದ್ದೇನೆ. ತಟ್ಟೆಗೆ ಹಾಕಿದ್ದನ್ನು ತಿಂದು ಎದ್ದೆ. ಏನು ತಿಂದೆನೋ ತಿಳಿಯಲಿಲ್ಲ.

ಡಿಸೆಂಬರ್ 3, ಬುಧವಾರ

ಷಡ್ಡಕನ ಮೊದಲ ಕಣ್ಣಿನ ಆಪರೇಷನ್ ಆಯಿತು. ನಾದಿನಿಗೆ ನಿನ್ನೆ ಎಲ್ಲ ಹೇಳಿದ. ಅವಳು ಅತ್ತು, ಅವನಿಗೆ ಬೈದು, ನನ್ನ ಕಾಲು ಮುಟ್ಟಲು ಬಂದಳು. "ಏಳಮ್ಮ, ನಾನೇನು ಆಪರೇಷನ್ ಮಾಡ್ತೀನಾ?" ಎಂದೆ. ಅವಳ ಹತ್ತಿರವೂ ಅವನು ಅದೇ ಭಾಷೆ ತೆಗೆದುಕೊಂಡಿದ್ದಾನೆ, ಎರಡನೆಯ ಕಣ್ಣು ಆಗುವ ತನಕ ಅಕ್ಕನಿಗೆ ಹೇಳಬಾರದೆಂದು.

ಒಳಗೆ ಕರೆದೊಯ್ಯುವಾಗ ಷಡ್ಡಕ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ. "ಅಣ್ಣ, ಏನಾದ್ರೂ ಮಾತಾಡಿ" ಎಂದ. ನನಗೆ ಮಾತು ಎಲ್ಲಿ ಬರುತ್ತದೆ? "ಆ ಬಾಗಿಲ ಮೇಲಿನ ಬೋರ್ಡಲ್ಲಿ ಏನಿದೆ ಗೊತ್ತಾ?" ಎಂದೆ. "ಕಾಣಲ್ಲ" ಎಂದ. "ಬರೋವಾಗ ಓದ್ಕೊಂಡು ಬಾ" ಎಂದೆ.

ಹೊರಗೆ ಕೂತಿದ್ದಾಗ ನನ್ನ ಕೈ ತಣ್ಣಗಾಗಿತ್ತು. ಆಸ್ಪತ್ರೆಯವರು ಎಸಿ ವಿಪರೀತ ಹಾಕುತ್ತಾರೆ.

ಡಿಸೆಂಬರ್ 20, ಶನಿವಾರ

ಎರಡನೆಯ ಕಣ್ಣು ಆಗಿ ನಾಲ್ಕು ದಿನ. ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ತಂಗಿ ಫೋನು ಮಾಡಿ ಎಲ್ಲ ಒದರಿದ್ದಾಳೆ.

"ಬಾಯಿಬಿಟ್ಟು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಭಾಷೆ ಕೊಟ್ಟಿದ್ದೆ."

"ಒಂದು ತಿಂಗಳು ನಿಮ್ಮ ಜೊತೆ ಮುಖ ಕೊಟ್ಟು ಮಾತಾಡ್ಲಿಲ್ಲ ನಾನು! ಸುಮ್ನೆ ಇದ್ರಲ್ಲ!"

"ನೀನು ಮಾತಾಡ್ದಿದ್ರೆ ಮನೆ ಎಷ್ಟು ನಿಶ್ಶಬ್ದವಾಗಿರುತ್ತೆ ಅಂತ ಆಮೇಲೆ ಗೊತ್ತಾಯ್ತು" ಎಂದೆ. ತಮಾಷೆಗೆ ಹೇಳಿದ್ದಲ್ಲ. ಆದರೆ ಅವಳು ಅಳುತ್ತಿದ್ದವಳು ಫಕ್ಕನೆ ನಕ್ಕಳು. ಗೋಡೆ ಹಿಡಿದುಕೊಳ್ಳಲಿಲ್ಲ, ನನ್ನ ತೋಳು ಹಿಡಿದುಕೊಂಡಳು.

ಜನವರಿ 3, ಶನಿವಾರ

ಡಾಕ್ಟರಮ್ಮ ಷಡ್ಡಕನಿಗೆ ಓಡಿಸಲು ಅಪ್ಪಣೆ ಕೊಟ್ಟರು. ಅವನೇ ಹೋಟೆಲಿಗೆ ಹೋಗಿ ಮ್ಯಾನೇಜರ್‌ಗೆ ಕಣ್ಣಿನ ವಿಷಯವೆಲ್ಲ ಹೇಳಿ, "ಕೆಲಸ ಅಣ್ಣನಿಗೆ ಕೊಡಿ" ಎಂದನಂತೆ. ಅವರು ಒಂದು ವಾರ ಪಕ್ಕ ಕೂತು ಅವನು ಓಡಿಸುವುದನ್ನು ನೋಡುತ್ತಾರಂತೆ. ಇಷ್ಟು ನಿಜ ಹೇಳುವವನನ್ನು ಬಿಡುವುದಿಲ್ಲ ಎಂದರಂತೆ.

ನೋಡಿ! ಬಿಟ್ಟುಕೊಡಲು ಹೋಗಿ ಗೆದ್ದುಬಂದ. ನಾನು ಬಿಟ್ಟುಕೊಟ್ಟಾಗ ಸಿಕ್ಕಿದ್ದು ಬೈಗುಳ. ರಾತ್ರಿ ಊಟ ಸೇರಲಿಲ್ಲ. ಹನ್ನೆರಡು ವರ್ಷ, ಒಂದು ಗೀರೂ ಇಲ್ಲ. ಆ ಕಾರಿನ ಬಾಗಿಲು ಹೇಗೆ ಮುಚ್ಚುತ್ತದೆ ಎಂಬುದು ಕೂಡ ನನಗೆ ಗೊತ್ತು, ಸದ್ದೇ ಇಲ್ಲದೆ. ಹೊಟ್ಟೆ ಉರಿಯುತ್ತಿದೆ. ಪುಸ್ತಕಕ್ಕಲ್ಲದೆ ಇನ್ನು ಯಾರಿಗೆ ಹೇಳಲಿ?

ಜನವರಿ 17, ಶನಿವಾರ

ಇವತ್ತು ಷಡ್ಡಕ ಹೋಟೆಲಿನ ಕಾರು ತೆಗೆದುಕೊಂಡು ಮೊದಲ ಸಲ ಬಂದರಿಗೆ ಬಂದ. ಹೋಟೆಲಿನವರಿಗೆ ರಸ್ತೆಯಾಚೆ ಬೇರೆ ಜಾಗವಿದೆ. ನಾನು ಮಾಮೂಲಿ ಸಾಲಿನಲ್ಲಿ ಬೋರ್ಡು ಹಿಡಿದು ನಿಂತು ಅವನನ್ನೇ ನೋಡುತ್ತಿದ್ದೆ. ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಕೋಟಿನ ಗುಂಡಿಗಳೂ ಹೊಳೆಯುತ್ತಿದ್ದವು. ಆ ಕೋಟು ನನ್ನ ಅಳತೆಗೆ ಇನ್ನೂ ಚೆನ್ನಾಗಿ ಕೂರುತ್ತಿತ್ತು ಎಂದು ಯೋಚಿಸುತ್ತಿದ್ದೆ.

ಹಡಗಿನಿಂದ ಜನ ಬರತೊಡಗಿದರು. ನನ್ನನ್ನು ದಾಟಿ ಹೋಗುವವರೆಲ್ಲ ನನ್ನ ಕಡೆ ನೋಡಿ ಮುಸಿಮುಸಿ ನಗುತ್ತಿದ್ದರು. ಏನಿದೆ ನಗುವಂಥದ್ದು ಎಂದು ಅವರನ್ನು ದುರುಗುಟ್ಟಿ ನೋಡಿದೆ. ನನ್ನ ಗೆಸ್ಟು ಮಾತ್ರ ಬರಲೇ ಇಲ್ಲ.

ಆಗ ರಸ್ತೆಯಾಚೆಯಿಂದ, ಎರಡು ಸಾಲು ಕಾರುಗಳ ಮೇಲಿನಿಂದ ಕೂಗು ಬಂತು.

"ಅಣ್ಣಾ! ಬೋರ್ಡು ತಲೆಕೆಳಗೆ ಹಿಡ್ಕೊಂಡಿದ್ದೀರಿ! ನಿಮ್ಮ ಗೆಸ್ಟು ಕಂಬದ ಹತ್ರ ಹುಡುಕ್ತಾ ನಿಂತಿದ್ದಾರೆ! ಹಸಿರು ಟೋಪಿ!"

ಚಾಲಕರ ಸಾಲಿಗೆ ಸಾಲೇ ಗೊಳ್ಳೆಂದು ನಕ್ಕಿತು. ಬೋರ್ಡು ನೋಡಿದೆ, ತಲೆಕೆಳಗೇ ಇತ್ತು. ಕಂಬ ನೋಡಿದೆ, ಹಸಿರು ಟೋಪಿಯೂ ಇತ್ತು. ಹನ್ನೆರಡು ವರ್ಷದ ಮರ್ಯಾದೆ ಒಂದು ಕೂಗಿಗೆ ಹೋಯ್ತು. ಅವನನ್ನು ಅಲ್ಲೇ ಸಿಗಿದುಹಾಕುವಷ್ಟು ಸಿಟ್ಟು ಬಂತು.

ಆಮೇಲೆ ತಿಳಿಯಿತು. ಅಲ್ಲಿಂದ ಓದಿದ. ಅಷ್ಟು ದೂರದಿಂದ, ಅದೂ ತಲೆಕೆಳಗಾದ ಅಕ್ಷರ.

ಬೋರ್ಡು ನೆಟ್ಟಗೆ ಮಾಡಿ ತಲೆಯ ಮೇಲೆತ್ತಿ, "ಈಗ ಹೆಸರು ಓದೋ ನೋಡೋಣ!" ಎಂದು ಕಿರುಚಿದೆ. ಓದಿದ. ಒಂದಕ್ಷರ ತಪ್ಪಲಿಲ್ಲ. ನಾನು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಮತ್ತೆ ಎತ್ತಿ ಹಿಡಿದೆ. ಮತ್ತೆ ಓದಿದ. ನನ್ನ ಕಣ್ಣೇ ಮಂಜಾಗಿ ಅವನ ಮುಖ ಕಾಣದಾಯಿತು. ಹಸಿರು ಟೋಪಿಯವರು ಪೆಟ್ಟಿಗೆ ಎಳೆದುಕೊಂಡು ಬಂದು, "ನಮ್ಮ ಡ್ರೈವರ್ ನೀವೇನಾ?" ಎಂದು ಕೇಳುತ್ತಿದ್ದರು. "ಒಂದು ನಿಮಿಷ ಇರಿ ಸಾರ್" ಎಂದು ಹೇಳಿ ನಾನು ಇನ್ನೂ ಹಿಂದಕ್ಕೆ, ಗೋದಾಮಿನ ಗೋಡೆಯ ತನಕ ಹೋದೆ, ಅವನಿಗೆ ಎಲ್ಲಿಯವರೆಗೆ ಕಾಣುತ್ತದೆ ನೋಡಿಯೇ ಬಿಡೋಣ ಎಂದು.